ಮುಂಬೈಗೆ ಬಂದ ಬನ್ನಿ

ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ, ದಸರಾ ರಜೆಗೆ ಮಕ್ಕಳನ್ನು ಲಕ್ಷ್ಮೇಶ್ವರದ ಅಜ್ಜಿಯ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಮುಂಬೈಗೆ ಹೋದೆವು. ಮಕ್ಕಳ ಸುದ್ದಿ ತೆಗೆದವರು ಐಸ್‌ಕ್ರೀಮ್ ಕೊಡಿಸಬೇಕೆಂಬುದು ಕರಾರು. ಹೆಂಡತಿ ಸುಶ್ಮಿತಾ ಮೊದಲ ದಿನವೇ ಮೂರು ಕೊಡಿಸಿದಳು. ವಿಜಯದಶಮಿಯಂದು ಉಂಡು ಹೋಟೆಲಿನಲ್ಲಿ ಹಾಯಾಗಿ ಮಲಗಿದೆವು. ಸಂಜೆ ಎದ್ದಾಗ ಎಸಿಯ ಚಳಿಯಲ್ಲೂ ನನ್ನ ಬಲಗೈ ಬೆಚ್ಚಗಿತ್ತು. ಮುಷ್ಟಿಯಲ್ಲಿ ಹಸಿ ಬನ್ನಿ ಎಲೆ.

ಸುಶ್ಮಿತಾಳ ಕೈ ಬರಿದಾಗಿತ್ತು. ಮುಖ ಸಣ್ಣದು ಮಾಡಿಕೊಂಡು ಲಕ್ಷ್ಮೇಶ್ವರಕ್ಕೆ ಫೋನ್ ಹಚ್ಚಿದಳು.

"ಅಪ್ಪಗ ಬನ್ನಿ ಕೊಟ್ಟೀನಿ," ಎಂದಳು ಮಗಳು ಸ್ನೇಹಾ. "ನೀ ಗೊರಕಿ ಹೊಡಿಯಾಕತ್ತಿದ್ದಿ, ಕೈನ ಬಿಚ್ಚಲಿಲ್ಲ. ನಿಂದು ನನ್ನ ಕಡೇನ ಐತಿ."

"ನಾ ಎಲ್ಲಿ ಗೊರಕಿ ಹೊಡೀತೀನಿ ಲೇ?" ಎಂದು ಬೈದು ಫೋನಿಟ್ಟವಳು, ಅಂಗೈ ಬಿಚ್ಚಿಕೊಂಡು ಮತ್ತೆ ಮಲಗಿದಳು. "ಸುಮ್ಮ ಕುಂಡ್ರಿ, ಮಗಳು ಬರತಾಳ."

ನಾನು ರೆಪ್ಪೆ ಮಿಟುಕಿಸದೆ ಕಾದೆ. ಗೊರಕೆ ಶುರುವಾಯಿತು. ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು. ಸಂದಿಯಲ್ಲಿ ಹಸಿರು ಕಂಡಿತು.