ತಂಬಿಗೆಯ ತೂಕ

ಎರಡು ಕಿಲೋ ಏರಿದ್ದು ಕಂಡರೆ ಹಾರಿಕಾ ವಿಡಿಯೋ ಕಾಲ್ ಮಾಡುತ್ತಾಳೆ. ಅಂಕಿ ಸುಳ್ಳೆಂದು ಅನುಮಾನ ಬಂದರೆ? ತೂಕದ ಮಷೀನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ ಸುಂಕೇಶನಿಗೆ ಏನೂ ಬಗೆಹರಿಯಲಿಲ್ಲ.

ಅವ್ವ ಭೀಮಕ್ಕನ ಹೃದಯ ಸೋತಿತ್ತು. ಮೈಯಲ್ಲಿ ನೀರು ನಿಂತರೆ ಮೊದಲು ತೂಕ ಏರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಅವನು ತಮ್ಮ ಹಳ್ಳಿ ಪೆದ್ದಹರಿವಾಣಂನಿಂದ ಅಂಕಿಯ ಫೋಟೊ ಕಳಿಸಬೇಕು. ಆದವಾನಿಯ ಆಸ್ಪತ್ರೆಯಲ್ಲಿ ನರ್ಸ್ ಹಾರಿಕಾ ನೋಡಬೇಕು. ಮಷೀನು ಇಡುವುದನ್ನು ಫೋನಿನಲ್ಲೇ ನಗುತ್ತ ಕಲಿಸಿದವಳು, ಹನ್ನೊಂದು ದಿನಗಳಿಂದ ಬರೀ 'ಸರಿ' ಎನ್ನುವ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು.

"ಮಾರಿ ಯಾಕ ಸಣ್ಣದು ಮಾಡೀಯಲೇ? ಆ ತಂಬಿಗಿ ನೀರು ತುಂಬಿ ಕೊಡು," ಅವ್ವ ನಕ್ಕಳು. "ಸೊಸಿ ಮಾರಿ ನೋಡಾಕ ಎರಡು ಕಿಲೋ ದಪ್ಪಾಗ್ತೀನಿ."

ದೊಡ್ಡ ತಂಬಿಗೆಯನ್ನು ಎದೆಗವಚಿಕೊಂಡು ಮಷೀನು ಹತ್ತಿದಳು.

ಫೋಟೊ ಹೋಯಿತು, ಕಾಲ್ ಬಂತು.

"ಏನ್ ಸುಂಕೇಶ್ ಗಾರು, ಅವ್ವಗ ಉಪ್ಪಿನಕಾಯಿ ತಿನ್ಸಿದ್ರೇನು?"

"ಇಲ್ರಿ. ಕದ್ದು ತಿಂದಾಳೇನೋ."

"ಕಳ್ಳಿ ಅವ್ವನೋ, ಕಳ್ಳ ನೀವೋ?" ಅವಳ ಓರೆನೋಟಕ್ಕೆ ಅವನ ಕಿವಿ ಬಿಸಿಯಾಯಿತು. "ಕಾಲು ತೋರ್ಸ್ರಿ. ಬಾವು ಕಾಣಂಗಿಲ್ಲಲ್ಲ?"

"ಸಂಜಿಗೆ ಬಾವು ಬರ್ತೈತ್ರಿ."

ಅವಳ ನಗು ನಿಂತಿತು. ಡಾಕ್ಟರನ್ನು ಕೇಳಿ ಬಂದು, ನೀರಿಳಿಸುವ ಮಾತ್ರೆ ಇನ್ನು ಮುಂದೆ ದಿನಕ್ಕೆ ಎರಡು ಹೊತ್ತು ಎಂದಳು. "ನಾಳೆ ಮತ್ತ ಮಾಡ್ತೀನಿ."

ನಾಳೆ! ಅವನಿಗೆ ಕೇಳಿಸಿದ್ದು ಅದೊಂದೇ.

ಐದು ದಿನ ತಂಬಿಗೆ ಇಳಿಯಲಿಲ್ಲ, ಕಾಲ್ ತಪ್ಪಲಿಲ್ಲ. ಅಂಕಿ ಇಳಿದರೆ ತಂಬಿಗೆಯೊಳಗೆ ಒಂದು ಕಲ್ಲೂ ಬೀಳುತ್ತಿತ್ತು. ಮಾತ್ರೆ ಮೂರು ಹೊತ್ತಿಗೇರಿತು. "ನಾಳೆಗೂ ಇಳೀದಿದ್ರ ನಾನೇ ಬರ್ತೀನಿ," ಎಂದಳು ಹಾರಿಕಾ.

ಅವ್ವನ ತುಟಿ ಒಡೆದಿತ್ತು. ಎದ್ದರೆ ಕಣ್ಣು ಕತ್ತಲೆ.

"ಮಾತ್ರಿ ಬಿಡ್ತೀಯೇನವ್ವಾ?"

"ಆಕಿ ಹೇಳ್ಯಾಳ. ಈಗ್ಲೇ ಸೊಸಿ ಮಾತು ಮೀರಿದ್ರ ಹೆಂಗಲೇ?"

ಅವನು ಮಾತ್ರೆ ಕೊಟ್ಟ.

ಮರುದಿನ ಬೆಳಿಗ್ಗೆ ಮಷೀನಿನ ಮೇಲೆ ಅವ್ವನ ಕೈಯಿಂದ ತಂಬಿಗೆ ಜಾರಿತು, ಹಿಂದೆಯೇ ಅವ್ವ. ಆಟೊ ಆದವಾನಿ ಮುಟ್ಟುವ ಮೊದಲೇ ಉಸಿರು ನಿಂತಿತು.

ಆಸ್ಪತ್ರೆಯಲ್ಲಿ ನೋಡಿ ಶವವನ್ನು ಮನೆಗೆ ಕಳಿಸಿದರು. ಮಧ್ಯಾಹ್ನ ಹಾರಿಕಾ ಬಂದಳು. ಪರದೆಯಲ್ಲಿ ಎಂದೂ ಕಾಣದ ಸಣ್ಣ ಮಚ್ಚೆಯೊಂದು ಅವಳ ಕತ್ತಿನ ಮೇಲಿತ್ತು. ಶವದ ಪಕ್ಕ ಕುಸಿದು ಸುಂಕೇಶನ ಕೈ ಹಿಡಿದಳು.

"ಮೈಯಾಗ ನೀರು ಬತ್ತಿತ್ತಂತ ಡಾಕ್ಟರು ಹೇಳಿದ್ರು. ಮಾತ್ರಿ ಏರ್ಸ್ರಿ ಅಂತ ಕೇಳಿದಾಕಿ ನಾನೇ. ನನ್ನಿಂದ ಹೋದ್ರೇನು ಅವ್ವ? ಹೇಳ್ರಿ."

ಎಷ್ಟೋ ದಿನದಿಂದ ಬಯಸಿದ ಕೈ. ಅವನು ಬಿಡಿಸಿಕೊಳ್ಳಲಿಲ್ಲ. ಗೋಡೆಯ ಬಳಿ ತಂಬಿಗೆ ಮಗ್ಗುಲಾಗಿ ಬಿದ್ದಿತ್ತು.

ಆ ತಿಂಗಳೇ ಅವಳು ನರ್ಸ್ ಕೆಲಸ ಬಿಟ್ಟಳು.

ಅವ್ವನ ತೂಕ ಏರಿರಲೇ ಇಲ್ಲ ಎಂದು ಸುಂಕೇಶ ಅವಳಿಗೆ ಎಂದೂ ಹೇಳಲಿಲ್ಲ.