ಓಕ್-ಬುನ್ ಅಜ್ಜಿಯ ಕೆಂಪು ಉಗುರು

ಹನ್ನೆರಡು ವರ್ಷದಿಂದ ಕೊರಿಯಾದ ಜೊಂಜು ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು ಯಂತ್ರ ತೋರಿಸಿದ ಅಂಕಿಯನ್ನಷ್ಟೇ ನಂಬುವವಳು.

ಅಂದು ಮಧ್ಯಾಹ್ನ ಎಂಡೋಸ್ಕೋಪಿಗೆ ಬಂದ ಓಕ್-ಬುನ್ ಅಜ್ಜಿ ಹತ್ತೂ ಬೆರಳಿಗೆ ಕೆಂಪು ಪ್ಲಾಸ್ಟಿಕ್ ಉಗುರು ಅಂಟಿಸಿಕೊಂಡಿದ್ದರು. ನಾಡಿ ನೋಡುವ ಕ್ಲಿಪ್ ಹಾಕಲು ಒಂದನ್ನಾದರೂ ತೆಗೆಯಬೇಕಿತ್ತು.

"ಎಳೀಬೇಡ ಕಣೇ, ನನ್ನ ಉಗುರೂ ಕಿತ್ತು ಬರುತ್ತೆ!" ಅಜ್ಜಿ ಗದರಿದರು. "ಬೆಚ್ಚನೆ ನೀರಲ್ಲಿ ಅದ್ದಿಡು, ತಾನಾಗೇ ಬಿಟ್ಕೊಳ್ಳುತ್ತೆ."

ಕಾಲು ಗಂಟೆಗೆ ತೋರುಬೆರಳಿನದು ಬಿಟ್ಟುಕೊಂಡಿತು. ಅಷ್ಟು ಹೊತ್ತು ಬಿಸಿನೀರಿನಲ್ಲಿದ್ದರೂ ಬೆರಳು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಕ್ಲಿಪ್ ಹಾಕಿದರೆ ಅಂಕಿಯೇ ಇಲ್ಲ. ಬೇರೆ ಕ್ಲಿಪ್ ತಂದೆ, ಅದರಲ್ಲೂ ಇಲ್ಲ. ಅಜ್ಜಿ ನಗುತ್ತ ಹರಟುತ್ತಲೇ ಇದ್ದರು. ಡಾಕ್ಟರು ಪರೀಕ್ಷೆಯನ್ನು ಮುಂದೂಡಿ ಅಜ್ಜಿಯನ್ನು ಮನೆಗೆ ಕಳಿಸಿಬಿಟ್ಟರು.

ಟ್ರೇಯಲ್ಲಿ ಉಳಿದಿದ್ದ ಉಗುರನ್ನು ಎತ್ತಿಕೊಂಡರೆ ಬೆಚ್ಚಗಿತ್ತು. ಏನನ್ನಿಸಿತೋ, ಕ್ಲಿಪ್‌ಗೆ ಸಿಕ್ಕಿಸಿದೆ. ಎಪ್ಪತ್ತೆರಡು ಎಂದು ತೋರಿಸಿತು.

ವಾರವಾಯಿತು. ನನ್ನ ಮೇಜಿನ ಖಾನೆಯಲ್ಲಿ ಅದು ಇನ್ನೂ ಬೆಚ್ಚಗೇ ಇದೆ. ಇಂದು ಬೆಳಿಗ್ಗೆ ಮತ್ತೆ ಕ್ಲಿಪ್ಪಿಗೆ ಸಿಕ್ಕಿಸಿದರೆ ನೂರಹದಿನೆಂಟು ತೋರಿಸಿತು. ಗಾಬರಿಯಾಗಿ ಅಜ್ಜಿಗೆ ಫೋನ್ ಮಾಡಿದೆ.

"ಗುಡ್ಡ ಹತ್ತುತಿದೀನಿ ಕಣೇ," ಎಂದರು ಏದುಸಿರು ಬಿಡುತ್ತ. "ಆ ಉಗುರಾ? ಎಸೆದುಬಿಡು, ಹೊಸ ಪೊಟ್ಟಣ ತಂದಿದೀನಿ."

ಹೂಂ ಎಂದೆ. ಆಮೇಲೆ ಅದನ್ನು ಹತ್ತಿಯಲ್ಲಿ ಸುತ್ತಿಟ್ಟು ಖಾನೆಗೆ ಬೀಗ ಹಾಕಿದೆ.