ಮುಂದಕ್ಕೆ ಓಡಿಸದ ಮಾತು

“ನಮ್ಮಮ್ಮನ್ನ ಸಾಯಿಸಿದ್ದು ಇಲ್ಲಿ ಯಾರು?”

ಬಾಗಿಲಲ್ಲಿ ನಿಂತವನು ಕೂಗಲಿಲ್ಲ. ಅಂಗಡಿಗೆ ಬಂದು ಬಿಳಿ ದಾರ ಇದೆಯೇ ಎಂದು ವಿಚಾರಿಸುವವನ ಹಾಗೆ ಮೆಲ್ಲಗೆ ಕೇಳಿದ. ಅದಕ್ಕೇ ಇರಬೇಕು, ಮೂರನೇ ಮಹಡಿಯ ಆ ಕಚೇರಿಯ ಆರೂ ಮೇಜುಗಳು ಒಮ್ಮೆಲೇ ಗಪ್‌ಚಿಪ್ಪಾದವು.

‘ಎಂಥ ಮೊದಲ ಮಾತು!’ ಎಂದುಕೊಂಡಳು ಆ ಆರರಲ್ಲೊಂದು ಮೇಜಿನ ಹುಡುಗಿ. ಮರುಕ್ಷಣವೇ ನಾಚಿಕೆಯಾಯಿತು. ಹಾಳು ಕಸುಬಿನ ಚಾಳಿ... ಸಾವಿನ ಮಾತಿಗೂ ಅಂಕ ಹಾಕುತ್ತದಲ್ಲ!

ಅವಳ ಕಸುಬೇ ಅದು. ಜನ ಫೋನಿನಲ್ಲಿ ನೋಡುವ ವಿಡಿಯೋಗಳಿಗೆ ಮೊದಲ ಮಾತು ಬರೆಯುವುದು. ನೋಡುವವರ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ತಳ್ಳುವ ಮುಂಚೆ ಸಿಗುವುದು ಮೂರೇ ಸೆಕೆಂಡು. ಅಷ್ಟರಲ್ಲಿ ಅವರನ್ನು ಹಿಡಿದು ನಿಲ್ಲಿಸಬೇಕು. ಅದರಲ್ಲಿ ಅವಳದು ಎತ್ತಿದ ಕೈ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ‘ಮೂರು ಸೆಕೆಂಡು’ ಎಂದು.

ಅವಳು ಎದ್ದು ನಿಂತಳು. “ಯಾವ... ಯಾವ ವಿಡಿಯೋ?”

“ಹೊಲಿಗೆ ಯಂತ್ರದ್ದು. ನಾನು ಅದನ್ನ ರಿಪೇರಿ ಮಾಡೋನು. ನಮ್ಮಕ್ಕ ನನ್ನ ವಿಡಿಯೋಗಳನ್ನ ಇಲ್ಲಿ ಸರಿ ಮಾಡಿ ಹಾಕೋಕೆ ಕೊಟ್ಟಿದ್ಲು.”

ಅವಳಿಗೆ ನೆನಪಾಯಿತು. ಕಾಲಲ್ಲಿ ತುಳಿಯುವ ಹಳೆಯ ಯಂತ್ರವೊಂದನ್ನು ಒಬ್ಬ ಬಿಚ್ಚಿ ಒರೆಸುವ ವಿಡಿಯೋ. ‘ಅಮ್ಮ ಇದರಲ್ಲಿ ಹೊಲಿಯೋದು ನಿಂತು ಮೂರು ವರ್ಷ ಆಯ್ತು’ ಎಂದು ಆತ ನಡುವೆ ಎಲ್ಲೋ ಹೇಳಿದ್ದ. ಅದರ ಮೊದಲಿಗೆ ಅವಳು ಬರೆದ ಸಾಲು ಹೀಗಿತ್ತು: ‘ಅಮ್ಮ ತೀರಿಕೊಂಡ ಮೇಲೆ ಮೂರು ವರ್ಷ ಈ ಯಂತ್ರವನ್ನು ಯಾರೂ ಮುಟ್ಟಿರಲಿಲ್ಲ.’

“ಅಂದ್ರೆ... ನಿಮ್ಮಮ್ಮ...”

“ಮನೇಲಿ ಆರಾಮಾಗಿ ಕೂತಿದ್ದಾಳೆ! ಕಣ್ಣು ಮಂಜಾಯ್ತು ಅಂತ ಹೊಲಿಯೋದು ಬಿಟ್ಟಿದ್ದು ಅಷ್ಟೆ. ನಿನ್ನೆ ಹಳೇ ಗಿರಾಕಿಗಳು ಮೂವರು ಹೂವು ಹಿಡ್ಕೊಂಡು ಸಮಾಧಾನ ಹೇಳೋಕೆ ಬಂದ್ರು. ಬಾಗಿಲು ತೆಗೆದಿದ್ದು ಅಮ್ಮನೇ!”

ಪಕ್ಕದ ಮೇಜಿನಲ್ಲಿ ವಿಡಿಯೋ ಕತ್ತರಿಸುವ ಹೆಂಗಸು, ಎಲ್ಲರ ಬಾಯಲ್ಲಿ ‘ಕತ್ತರಿ ಅಕ್ಕ’, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ.

ಒಳಗಿನಿಂದ ಯಜಮಾನರು ಬಂದರು. “ನೋಡಿ, ಎರಡು ಲಕ್ಷ ಜನ ನೋಡಿದ್ದಾರೆ. ಈಗ ತೆಗೆದ್ರೆ...”

ಅವರ ಮಾತು ಮುಗಿಯುವುದರೊಳಗೆ ಅವಳು ವಿಡಿಯೋ ಅಳಿಸಿ ಆಗಿತ್ತು.

“ತೆಗೆದೆ ಸರ್.” ಆಮೇಲೆ ಅವನತ್ತ ತಿರುಗಿದಳು. “ನಾನು ಬಂದು ಅಮ್ಮನ ಹತ್ರ ಕ್ಷಮೆ ಕೇಳ್ಬೇಕು. ಬರ್ಲಾ?”

ಅವನ ಮುಖದ ಬಿಗಿ ಚೂರು ಸಡಿಲವಾಯಿತು. “ಕರ್ಕೊಂಡೇ ಬಾ ಅಂತ ಕಳಿಸಿದ್ದಾಳೆ. ‘ನನ್ನ ಸಾಯಿಸಿದವಳು ಹೇಗಿದ್ದಾಳೆ ನೋಡ್ಬೇಕು’ ಅಂದ್ಲು.”

ಅವನ ಅಂಗಡಿ ಎರಡು ಬೀದಿಯಾಚೆ, ಮನೆ ಅಂಗಡಿಯ ಹಿಂದೆ. ಅಂಗಡಿಯ ತುಂಬ ಎಣ್ಣೆಯ, ಕಬ್ಬಿಣದ ವಾಸನೆ. ಗೋಡೆಗೆ ಸಾಲಾಗಿ ಬೆಲ್ಟುಗಳು, ಡಬ್ಬಿಗಳಲ್ಲಿ ದಾರ ಸುತ್ತಿದ ಬಾಬಿನ್‌ಗಳು. ಕಿಟಕಿಯ ಪಕ್ಕದಲ್ಲಿ ಆ ಹಳೆಯ ಯಂತ್ರ, ಅದರ ಹಿಂದೆ ಬಿಳಿ ಕೂದಲಿನ ಮುದುಕಿ. ಆಕೆಯ ಕಣ್ಣಿಗೆ ಎಲ್ಲವೂ ನೆರಳು ನೆರಳು. ಬೆರಳುಗಳು ಮಾತ್ರ ಬಟ್ಟೆಯ ಅಂಚನ್ನು ನೋಡುವಂತೆ ತಡವುತ್ತಿದ್ದವು.

“ಬಂದ್ಯಾ ತಾಯಿ? ಕೈ ಕೊಡು.” ಮುದುಕಿ ಅವಳ ಅಂಗೈಯನ್ನು ಹಿಡಿದು ಸವರಿದಳು. “ಇಷ್ಟು ತೆಳ್ಳಗಿನ ಕೈಯಲ್ಲಿ ನನ್ನಂಥ ಗಟ್ಟಿ ಮುದುಕೀನ ಹೇಗೆ ಮುಗಿಸಿದ್ಯೇ?”

“ಅಮ್ಮಾ, ಸುಮ್ನಿರು,” ಎಂದ ಮಗ.

“ನೀನು ಸುಮ್ನಿರೋ. ಸತ್ತವಳು ನಾನು. ಮಾತಾಡೋ ಹಕ್ಕು ನಂದು!”

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. “ಬೇಕಂತ ಬರೀಲಿಲ್ಲ ಅಮ್ಮಾ... ನಿಮ್ಮ ಮಗ ಆ ಯಂತ್ರ ಒರೆಸ್ತಾ ಮಾತಾಡೋ ದನಿ ಕೇಳಿ... ನಾನು ನಮ್ಮಪ್ಪನ ಬಗ್ಗೆ ಹಾಗೇ ಮಾತಾಡೋದು. ಅಪ್ಪ ಹೋಗಿ ವರ್ಷ ಆಯ್ತು. ಎಲ್ಲರ ದನಿಯಲ್ಲೂ ನನಗೆ ಅದೇ ಕೇಳುತ್ತೆ. ಒಂದು ಮಾತು ವಿಚಾರಿಸ್ಬೇಕಿತ್ತು...”

ಯಂತ್ರದ ಕೆಳಗೆ ಬಗ್ಗಿ ಬೆಲ್ಟ್ ನೋಡುತ್ತಿದ್ದವನ ಕೈ ನಿಂತಿತು. ಅವಳಿಗೆ ಅದು ಕಾಣಲಿಲ್ಲ.

ಮುದುಕಿ ಅವಳ ಕೈ ಬಿಡಲಿಲ್ಲ. “ಏನು ಹೇಳ್ತಿದ್ರು ಮಗಳೇ, ಅಪ್ಪ?”

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಹೇಗೆ ಹೋದರು ಎಂದು ಕೇಳಿದ್ದರು, ಏನಾಗಿತ್ತು ಎಂದು ಕೇಳಿದ್ದರು.

“ಫೋನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸ್ತಿದ್ರು. ಶುರುವಲ್ಲಿ ಅರ್ಧ ನಿಮಿಷ ಏನೂ ಇರ್ತಿರ್ಲಿಲ್ಲ. ಕುರ್ಚಿ ಎಳೆಯೋ ಸದ್ದು, ಕೆಮ್ಮು... ಆಮೇಲೆ ‘ಮಗಳೇ... ನಾನು... ಅಪ್ಪ’ ಅಂತ. ಅವರ ದನಿ ನನಗೆ ಗುರುತು ಸಿಗಲ್ವೇನೋ ಅನ್ನೋ ಹಾಗೆ! ನನಗೆ ಎಲ್ಲಿತ್ತು ತಾಳ್ಮೆ? ಬೆರಳಲ್ಲಿ ಮುಂದಕ್ಕೆ ಓಡಿಸಿ, ವಿಷಯ ಏನೋ ಅಷ್ಟು ಕೇಳಿ ಬಿಡ್ತಿದ್ದೆ.”

“ಈಗ?”

“ಈಗ ಆ ಶುರುವನ್ನ ಮಾತ್ರ ಕೇಳ್ತೀನಿ ಅಮ್ಮಾ. ಕುರ್ಚಿ ಸದ್ದು... ಕೆಮ್ಮು...”

ಮುದುಕಿ ಅವಳ ಕೈಯನ್ನು ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದಳು. ಆಮೇಲೆ “ದೇವರು ಅವರನ್ನ ಚೆನ್ನಾಗಿ ಇಟ್ಟಿರಲಿ” ಎಂದಳು. ಅಷ್ಟೇ. ಅದು ಅವಳಿಗೆ ಸಾಕಾಗಿತ್ತು.

“ಸರಿ, ಈಗ ನಿನ್ನ ಶಿಕ್ಷೆ ಕೇಳು,” ಎಂದಳು ಮುದುಕಿ. “ಪ್ರತಿ ಶನಿವಾರ ಇಲ್ಲಿಗೆ ಬಾ. ಇವನ ವಿಡಿಯೋಗೆ ಮೊದಲ ಮಾತು ಬರಿ. ಒಂದೇ ಷರತ್ತು. ಸುಳ್ಳು ಕೂಡದು.”

ಹಾಗೆ ಶುರುವಾದವು ಶನಿವಾರಗಳು.

ಮೊದಲ ವಾರವೇ ಜಟಾಪಟಿ. ಅವನ ವಿಡಿಯೋ ಎಂದರೆ, ಕೈ ಒರೆಸಿಕೊಳ್ಳುವುದು, ದೀಪ ಸರಿ ಮಾಡುವುದು, ‘ಎಲ್ಲರೂ ಚೆನ್ನಾಗಿದ್ದೀರಾ’ ಎನ್ನುವುದು, ಆಮೇಲೆ ಯಂತ್ರದ ಧೂಳು ಒರೆಸುವುದು. ಅಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತಿತ್ತು.

“ಅಷ್ಟೊತ್ತಿಗೆ ನೋಡೋರು ಮುಂದಿನ ಊರು ಸೇರಿರ್ತಾರೆ,” ಎಂದಳು ಅವಳು.

“ಧೂಳು ಒರೆಸದೆ ಯಂತ್ರ ಬಿಚ್ಚೋಕಾಗುತ್ತಾ?”

“ಒರೆಸಿ. ಅದಕ್ಕೂ ಮುಂಚೆ ಒಂದು ಮಾತು ಹೇಳಿ. ಇವತ್ತು ಈ ಯಂತ್ರಕ್ಕೆ ಏನಾಗಿದೆ?”

“ಏನಾಗಿದೆ? ಮನೆಯವರು ಯಂತ್ರದ ಎಣ್ಣೆ ಬದಲು ಅಡುಗೆ ಎಣ್ಣೆ ಬಿಟ್ಟಿದ್ದಾರೆ. ಒಳಗೆಲ್ಲ ಅಂಟು.”

ಅವಳು ಬರೆದು ಕೊಟ್ಟಳು. ಅವನು ಓದಿದ: “ನಿಮ್ಮ ಹೊಲಿಗೆ ಯಂತ್ರ ಕೆಟ್ಟಿಲ್ಲ. ನೀವು ಅದಕ್ಕೆ ಅಡುಗೆ ಎಣ್ಣೆ ಕುಡಿಸಿದ್ದೀರಿ.”

ಓದಿ ನಕ್ಕುಬಿಟ್ಟ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಎಡಗೆನ್ನೆಗೆ ಎಣ್ಣೆಯ ಕಪ್ಪು ಮೆತ್ತಿಕೊಂಡಿತ್ತು. ಹೇಳಬೇಕೆನ್ನಿಸಿತು... ಹೇಳಲಿಲ್ಲ. ಹಾಗೇ ಇರಲಿ ಎನ್ನಿಸಿತು.

ಇನ್ನೊಂದು ವಾರ ಅವಳು ಬರೆದದ್ದು: ‘ರಿಪೇರಿಗೆ ತರುವ ಮುಂಚೆ ಸೂಜಿಯನ್ನು ತಿರುಗಿಸಿ ಹಾಕಿ ನೋಡಿ. ನನ್ನ ಅಂಗಡಿಗೆ ಬರುವುದೇ ಬೇಡವಾದೀತು.’

“ಗಿರಾಕಿಗಳನ್ನ ಓಡಿಸ್ತೀರಲ್ರೀ!”

“ನಿಜ ತಾನೇ?”

“ನಿಜವೇ. ಅದೇ ಕಷ್ಟ!”

ವಿಚಿತ್ರ ನೋಡಿ, ಆ ವಾರ ಗಿರಾಕಿಗಳು ಹೆಚ್ಚೇ ಬಂದರು. ಬೇಡ ಎಂದವನ ಮೇಲೆ ಜನಕ್ಕೆ ನಂಬಿಕೆ ಬಂದಿತ್ತು.

ಅವಳಿಗೋ ಶನಿವಾರ ಯಾವಾಗ ಬರುತ್ತದೋ ಎನ್ನುವಂತಾಯಿತು. ಅವನು ಒಂದು ತಿರುಪು ಬಿಚ್ಚಲು ತೆಗೆದುಕೊಳ್ಳುವ ಹೊತ್ತು, ಮಾತಿಗೆ ಮುಂಚೆ ನಿಲ್ಲುವ ರೀತಿ, ಅಮ್ಮನಿಗೆ ಸೂಜಿಗೆ ದಾರ ಪೋಣಿಸಿ ಕೊಟ್ಟು ಅವಳ ಬೆರಳಿಗೆ ಅದು ಸಿಗುವವರೆಗೂ ಕಾಯುವ ತಾಳ್ಮೆ... ‘ಇವನನ್ನು ಮುಂದಕ್ಕೆ ಓಡಿಸೋಕೆ ಆಗಲ್ಲ’ ಎಂದುಕೊಂಡಳು. ‘ಓಡಿಸೋದು ಬೇಕಾಗೂ ಇಲ್ಲ.’

ಸಾವಿರ ಜನರ ಹೆಬ್ಬೆರಳನ್ನು ತಡೆದು ನಿಲ್ಲಿಸುವವಳಿಗೆ ಇವನೊಬ್ಬನಿಗೆ ಹೇಳಬೇಕಾದ ಮೊದಲ ಮಾತು ಮಾತ್ರ ಹೊಳೆಯಲಿಲ್ಲ.

ಒಂದು ಸೋಮವಾರ ಯಜಮಾನರು ಅವಳನ್ನು ಕರೆದರು.

“ಆ ಮುದುಕಿ ವಿಡಿಯೋಗೆ ಎರಡನೇ ಭಾಗ ಮಾಡೋಣ. ಬರ್ಕೋ. ‘ಸತ್ತ ತಾಯಿ ಬಾಗಿಲು ತೆರೆದಾಗ!’ ಹೇಗಿದೆ?”

ಅಭ್ಯಾಸಬಲ. ಕೈ ತನ್ನಷ್ಟಕ್ಕೆ ತಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿತು. ಬರೆದು ಮುಗಿದ ಮೇಲೆ ಅವಳು ತಲೆ ಎತ್ತಿದಳು.

“ಇದು ನಾನು ಮಾಡಲ್ಲ ಸರ್.”

“ಮಾಡಲ್ಲ ಅಂದ್ರೆ?”

“ಅವರ ಮನೆ ಬಾಗಿಲು ಅದು. ನಾನು ಒಂದ್ಸಲ ತಪ್ಪು ಮಾಡಿದ್ದು ಸಾಕು.”

“ಯೋಚನೆ ಮಾಡಿ ಹೇಳು.”

“ಮೂರೇ ಸೆಕೆಂಡು ಸಾಕು ಸರ್. ಮಾಡಲ್ಲ.”

ಯಜಮಾನರು ಮುಖ ಗಂಟಿಕ್ಕಿ ಹೋದರು. ಅವಳು ಎದೆ ಹಗುರ ಮಾಡಿಕೊಂಡು ತನ್ನ ಮೇಜಿಗೆ ಬಂದಳು. ಆದರೆ ಆ ಹಾಳೆಯನ್ನು ಹರಿಯಲು ಮರೆತಳು...

ಶನಿವಾರ ಅವಳು ಮುದುಕಿಯ ಜೊತೆ ಚಹಾ ಮಾಡಲು ಒಳಗೆ ಹೋದಾಗ, ಅವನು ಆ ವಾರದ ಸಾಲು ಹುಡುಕಲು ಅವಳ ನೋಟ್‌ಬುಕ್ ತೆರೆದ. ಅವಳು ಲೋಟ ಹಿಡಿದು ಹೊರಗೆ ಬಂದಾಗ ಅವನ ಮುಖ ಮೊದಲ ದಿನದ ಹಾಗಿತ್ತು.

“ಇದಕ್ಕಾ ನೀವು ಇಷ್ಟು ವಾರ ಬಂದಿದ್ದು?”

ಹಾಳೆ ಕಂಡಿತು. ‘ಅಲ್ಲ, ಯಜಮಾನರು ಹೇಳಿದ್ದು, ನಾನು ಒಪ್ಪಲಿಲ್ಲ...’ ಇಷ್ಟೇ ಹೇಳಬೇಕಿತ್ತು. ಆದರೆ ಯಾವ ಮಾತು ಎತ್ತಿಕೊಂಡರೂ ಅದು ತಾನು ಕಟ್ಟಿದ ಮಾತಿನಂತೆಯೇ ಕೇಳೀತು ಎನ್ನಿಸಿತು. ಮಾತು ಮಾರುವವಳ ಮಾತನ್ನು ಯಾರು ನಂಬುತ್ತಾರೆ?

“ನಾನು...” ಎಂದಳು. ಅಲ್ಲಿಗೇ ನಿಂತಿತು.

“ಇನ್ನು ಶನಿವಾರ ಬರೋದು ಬೇಡ,” ಎಂದ ಅವನು, ಮೆಲ್ಲಗೆ.

ಮೂರು ಶನಿವಾರ ಕಳೆದವು.

ಅವಳು ಅವನಿಗೆ ಬರೆಯಲು ಕೂತಳು. ಒಂದು ಸಾಲು ಬರೆದು ಅಳಿಸಿದಳು. ಇನ್ನೊಂದು ಬರೆದಳು. ಎಲ್ಲವೂ ಗಟ್ಟಿ ಸಾಲುಗಳೇ, ಯಾರನ್ನಾದರೂ ತಡೆದು ನಿಲ್ಲಿಸುವಂಥವು. ಅದಕ್ಕೇ ಒಂದೂ ಕೆಲಸಕ್ಕೆ ಬಾರದವು.

“ಏನೇ ಮೂರು ಸೆಕೆಂಡು, ಮೂರು ವಾರದಿಂದ ಒಂದೇ ಸಾಲು ತಿದ್ದುತ್ತಿದ್ದೀಯಾ?” ಎಂದಳು ಕತ್ತರಿ ಅಕ್ಕ, ಹಿಂದಿನಿಂದ ಬಗ್ಗಿ ನೋಡಿ. “ಕೊಡು, ನಾನು ಕತ್ತರಿಸಿ ಕೊಡ್ತೀನಿ.”

“ಬೇಡ ಅಕ್ಕಾ. ಇದನ್ನ ಕತ್ತರಿಸಬಾರದು.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ಮಧ್ಯಾಹ್ನದ ಬಿಡುವಿನಲ್ಲಿ ಕಟ್ಟಡದ ತಾರಸಿಗೆ ಹೋದಳು. ಮುರಿದ ಕುರ್ಚಿಯೊಂದನ್ನು ಎಳೆದು ಕೂತಳು. ಫೋನಿನಲ್ಲಿ ರೆಕಾರ್ಡ್ ಗುಂಡಿ ಒತ್ತಿದಳು. ಏನೂ ತೋಚಲಿಲ್ಲ. ಗಾಳಿ ಬೀಸುತ್ತಿತ್ತು, ಕೆಳಗೆ ಯಾರೋ ಬಾಗಿಲು ಹಾಕಿದರು. ಅವಳು ಕೆಮ್ಮಿದಳು. ಅಳಿಸಲಿಲ್ಲ.

“ಕೇಳಿಸ್ತಿದ್ಯಾ... ನಾನು... ಮೂರು ಸೆಕೆಂಡು...” ಎಂದು ಶುರು ಮಾಡಿದಳು.

ಆಮೇಲೆ ತಡವರಿಸುತ್ತ, ಹಿಂದೆ ಮುಂದೆ ಮಾಡುತ್ತ, ಯಜಮಾನರು ಹೇಳಿದ್ದು, ತಾನು ಬರೆದುಕೊಂಡದ್ದು, ಒಲ್ಲೆ ಎಂದದ್ದು, ಹಾಳೆ ಹರಿಯಲು ಮರೆತದ್ದು ಎಲ್ಲ ಹೇಳಿದಳು. ಅಮ್ಮನ ಕಣ್ಣು ಹೇಗಿದೆ ಎಂದೂ ಕೇಳಿದಳು. ಕೊನೆಗೆ ಹೇಳಿದಳು: “ಶನಿವಾರ ನಾನು ಬರ್ತಿದ್ದಿದ್ದು ಶಿಕ್ಷೆಗಲ್ಲ. ನಿಮಗೋಸ್ಕರ. ಇದನ್ನ ಮೊದಲೇ ಹೇಳ್ಬೇಕಿತ್ತು... ಆಗಲಿಲ್ಲ.”

ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಒಮ್ಮೆಯೂ ತಿರುಗಿ ಕೇಳದೆ ಕಳಿಸಿಬಿಟ್ಟಳು.

ಮಾರನೆಯ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಅವನು ನಿಂತಿದ್ದ. ಆರೂ ಮೇಜುಗಳು ಮತ್ತೆ ಸ್ತಬ್ಧ.

ಅವನು ಒಳಗೆ ಬಂದು ಅವಳ ಮೇಜಿನ ಮುಂದೆ ನಿಂತ. ಕೈ ಒರೆಸಿಕೊಂಡ. ಗಂಟಲು ಸರಿಮಾಡಿಕೊಂಡ.

“ಲಿಫ್ಟ್ ಕೆಟ್ಟಿದೆ ನಿಮ್ದು,” ಎಂದ. “ಹತ್ತಿ ಬಂದೆ.”

ಅವಳು ಕಾದಳು.

“ಬೆಳಿಗ್ಗೆ ಒಬ್ರು ಯಂತ್ರ ತಂದಿದ್ರು. ಸೂಜಿ ಉಲ್ಟಾ ಹಾಕಿದ್ರು.”

ಅವಳು ಕಾದಳು. ಕತ್ತರಿ ಅಕ್ಕ ಉಸಿರು ಬಿಗಿಹಿಡಿದು, ಇವನ ಮಾತಿಗೆ ಎಲ್ಲಿ ಕತ್ತರಿ ಹಾಕಲಿ ಎಂದು ಚಡಪಡಿಸುತ್ತಿದ್ದಳು. ಇವಳು ಮಾತ್ರ ಅಲುಗಲಿಲ್ಲ. ಆ ಗಂಟಲ ಸದ್ದು, ನಡುವಿನ ಮೌನ, ಎಲ್ಲವನ್ನೂ ಒಂದೂ ಬಿಡದೆ ಕೇಳಿಸಿಕೊಂಡಳು.

“ನಿಮ್ಮ ಮಾತು ಕೇಳಿದೆ,” ಎಂದ ಕೊನೆಗೆ. “ಶುರುವಿಂದ. ಕುರ್ಚಿ ಎಳೆದಿದ್ದು, ಕೆಮ್ಮಿದ್ದು... ಎಲ್ಲ. ಅಮ್ಮ ಎರಡು ಸಲ ಕೇಳಿದ್ಲು. ‘ಈ ಹುಡುಗಿ ಸುಳ್ಳು ಹೇಳೋದಿದ್ರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ಲು ಕಣೋ’ ಅಂದ್ಲು.”

ಅವಳ ಕಣ್ಣು ತುಂಬಿತು.

“ನಾನು ಅವತ್ತು ಕಾಯ್ಬೇಕಿತ್ತು,” ಎಂದ. “ನೀವು ‘ನಾನು’ ಅಂದ್ರಿ. ಮುಂದಿನ ಮಾತು ಬರೋವರೆಗೂ ಕಾಯ್ಲಿಲ್ಲ. ತಪ್ಪು ನಂದು.”

“ಪರವಾಗಿಲ್ಲ...”

“ಇನ್ನೂ ಮುಗಿದಿಲ್ಲ ನಂದು.”

“ಹೇಳಿ. ನಾನು ಎಲ್ಲೂ ಓಡಿಸಲ್ಲ.”

ಅವನು ಮತ್ತೆ ಕೈ ಒರೆಸಿಕೊಂಡ. ಕೈಯಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

“ಶನಿವಾರ ಮಾತ್ರ ಅಲ್ಲ... ಎಲ್ಲಾ ದಿನಾನೂ ನಮ್ಮನೇಲಿ ಇರ್ತೀರಾ? ನನ್ನ ಜೊತೆ?”

“ಹ್ಞೂಂ!”

“ಅಯ್ಯೋ, ಒಂದು ಸೆಕೆಂಡೂ ಹಿಡೀಲಿಲ್ವಲ್ಲೇ!” ಎಂದು ಕತ್ತರಿ ಅಕ್ಕ ಕೂಗಿಬಿಟ್ಟಳು.

ಅವನು ನಕ್ಕ. ಎಡಗೆನ್ನೆಯ ಮೇಲೆ ಅದೇ ಎಣ್ಣೆಯ ಕಪ್ಪು. ಈ ಸಲ ಅವಳು ಸುಮ್ಮನಿರಲಿಲ್ಲ, ಕೈ ಚಾಚಿ ಹೆಬ್ಬೆರಳಲ್ಲಿ ಮೆಲ್ಲಗೆ ಒರೆಸಿದಳು.

“ಯಾವಾಗಿಂದ ಇತ್ತು ಅದು?” ಎಂದ ಅವನು.

“ಮೊದಲ ಶನಿವಾರದಿಂದ.”

“ಆಗಲೇ ಹೇಳೋದಲ್ವಾ?”

“ಹೇಳೋಕೆ ಇಷ್ಟು ಹೊತ್ತು ಬೇಕಾಯ್ತು,” ಎಂದಳು ಮೂರು ಸೆಕೆಂಡು.